ದೊಡ್ಡಪ್ಪನ ದನಿಯಲ್ಲಿ ಬೇಸ್‌ಬಾಲ್ ಸುದ್ದಿ

ಆ ವರ್ಷ ದೊಡ್ಡಪ್ಪನ ತಂಬಾಕು ಹೊಲದಲ್ಲೇ ಹಣ್ಣಾಗಿ ಕೊಳೆತುಹೋಗಿದ್ದರೆ ಮಳೆಯನ್ನು ಬೈಯುವ ಹಾಗಿರಲಿಲ್ಲ, ರೋಗವನ್ನು ಬೈಯುವ ಹಾಗೂ ಇರಲಿಲ್ಲ. ನನ್ನನ್ನೇ ಬೈಯಬೇಕಿತ್ತು. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಕ್ಷೇಮ. ಏಕೆಂದರೆ ಈ ಕತೆಯನ್ನು ನಮ್ಮೂರಿನಲ್ಲಿ ಬೇರೆಯವರೂ ಹೇಳುತ್ತಾರೆ, ಅವರು ಹೇಳುವಾಗ ನಾನು ಇನ್ನೂ ಪೆದ್ದನಾಗಿ ಕಾಣುತ್ತೇನೆ.

ಬಿಳಿಕೆರೆಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರು ನನ್ನದೊಂದು ಪುಟ್ಟ ಜೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆದುಕೊಡುತ್ತೇನೆ, ಆಧಾರ್ ಕಾರ್ಡಿಗೆ ಪ್ಲಾಸ್ಟಿಕ್ ಹೊದಿಸುತ್ತೇನೆ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುತ್ತೇನೆ. ಇದು ಹೊಟ್ಟೆಪಾಡು. ನಿಜವಾದ ಕಸುಬು ಬೇರೆಯವರ ದನಿ ಕದಿಯುವುದು. ಹುಣಸೂರು ಬಸ್ಸಿನ ಕಂಡಕ್ಟರು ಬಾಗಿಲಿಗೆ ಜೋತುಬಿದ್ದು ಕೂಗುವುದು, ಕೆ.ಆರ್. ನಗರದ ಚಿಕ್ಕತ್ತೆ ಒಂದೇ ಫೋನಿನಲ್ಲಿ ಊಟ ಆಯಿತಾ ಎಂದು ಮೂರು ಸಲ ಕೇಳುವುದು, ಪಿರಿಯಾಪಟ್ಟಣದ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಸೊಪ್ಪು ಮೂಸಿ ನೋಡುವವನು ಒಳ್ಳೆಯ ಸೊಪ್ಪಿಗೂ ‘ಪರವಾಗಿಲ್ಲ’ ಅನ್ನುವುದು, ಎಲ್ಲ ನನ್ನ ಗಂಟಲಲ್ಲಿದೆ. ನನ್ನನ್ನೂ ಬಿಟ್ಟಿಲ್ಲ. ‘ಸರ್ವರ್ ಇಲ್ಲ ಕಣಣ್ಣ, ನಾಳೆ ಬನ್ನಿ’ ಎಂದು ನಾನು ಹೇಳುವುದನ್ನು ನಾನೇ ಎಷ್ಟು ಚೆನ್ನಾಗಿ ಅಣಕಿಸುತ್ತೇನೆಂದರೆ, ಸರ್ವರ್ ಇದ್ದ ದಿನವೂ ಜನ ನಂಬಿ ಎದ್ದುಹೋಗಿದ್ದಾರೆ.

ಸರ್ವರ್ ನಿಜವಾಗಿಯೂ ಇಲ್ಲದ ಒಂದು ಮಧ್ಯಾಹ್ನ ಫೋನು ತನಗೆ ತಾನೇ ಒಂದು ವಿಡಿಯೊ ತೋರಿಸಿತು. ಪಂಚೆಯಷ್ಟೇ ಸಡಿಲವಾದ ಪ್ಯಾಂಟು ತೊಟ್ಟ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಏನನ್ನೋ ಜಗಿಯುತ್ತ ಎದುರಿನವನನ್ನು ಬಹಳ ಹೊತ್ತು ದುರುಗುಟ್ಟಿ ನೋಡಿದ. ಆಮೇಲೆ ಕಾಲೆತ್ತಿ ಚೆಂಡು ಎಸೆದ. ಎದುರಿನವನು ದೊಣ್ಣೆ ಬೀಸಿದ, ತಾಗಲಿಲ್ಲ. ಎಲ್ಲರೂ ಮತ್ತೆ ಜಗಿಯತೊಡಗಿದರು. ಅದು ಅಮೆರಿಕದ ಬೇಸ್‌ಬಾಲ್. ಒಂದು ಸಲ ನೋಡಿದ ತಪ್ಪಿಗೆ ಫೋನು ನನ್ನನ್ನು ಆ ಆಟದ ಮನೆ ಅಳಿಯ ಅಂದುಕೊಂಡು ದಿನಾ ಉಪಚಾರ ಶುರುಮಾಡಿತು. ಬೆಳಿಗ್ಗೆ ಬೇಸ್‌ಬಾಲ್, ಸಂಜೆ ಬೇಸ್‌ಬಾಲ್.

ಆಟ ಅರ್ಥವಾಗಲಿಲ್ಲ. ಆದರೆ ಆಟಗಾರರ ಕರಾರಿನ ಸುದ್ದಿ ಮಾತ್ರ ಜಗಲಿ ಮಾತಿನಷ್ಟು ಸಲೀಸಾಗಿ ಒಳಗಿಳಿಯಿತು. ಒಬ್ಬನಿಗೆ ಹತ್ತು ವರ್ಷಕ್ಕೆ ಕರಾರು. ನಮ್ಮ ಕಡೆ ಹೊಲವನ್ನೇ ವರ್ಷದ ಮೇಲೆ ಗುತ್ತಿಗೆಗೆ ಕೊಡುವುದಿಲ್ಲ, ಇವರು ಮನುಷ್ಯನ ಮೊಣಕೈಯನ್ನು ಹತ್ತು ವರ್ಷಕ್ಕೆ ಹಿಡಿದಿದ್ದಾರೆ. ಇನ್ನೊಬ್ಬನ ಕರಾರಿನಲ್ಲಿ, ಅವನನ್ನು ಕೇಳದೆ ಬೇರೆ ಊರಿನ ತಂಡಕ್ಕೆ ಸಾಗಹಾಕುವಂತಿಲ್ಲ ಎಂದು ಬರೆದಿತ್ತು. ಹೆಣ್ಣು ನೋಡುವ ಶಾಸ್ತ್ರದ ದಿನವೇ ‘ನಾನು ಹುಣಸೂರು ಟೌನ್ ಬಿಟ್ಟು ಹಳ್ಳಿಯಲ್ಲಿ ಇರೋದಿಲ್ಲ’ ಎಂದುಬಿಟ್ಟ ನನ್ನ ಗೆಳೆಯನ ಹೆಂಡತಿ ನೆನಪಾದಳು. ಅವಳ ಕರಾರು ಇನ್ನೂ ಜಾರಿಯಲ್ಲಿದೆ. ಎರಡು ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವಾಗ ‘ಇವನನ್ನು ಈಗ ಕೊಡಿ, ನಾವು ಯಾರನ್ನು ಕೊಡುತ್ತೇವೆಂದು ಆಮೇಲೆ ಹೇಳುತ್ತೇವೆ’ ಅನ್ನುವುದೂ ಉಂಟಂತೆ. ನಮ್ಮ ದನದ ಸಂತೆಯಲ್ಲಿ ಯಾರಾದರೂ ಹೀಗೆಂದಿದ್ದರೆ ಹಗ್ಗ ಅವನ ಕೊರಳಿಗೇ ಬೀಳುತ್ತಿತ್ತು.

ಚೆಂಡು ಎಸೆಯುವವನಿಗೆ ಹಿಡಿಯುವವನು ತೊಡೆಯ ಸಂದಿಯಲ್ಲಿ ಬೆರಳು ಮಡಚಿ ಸನ್ನೆ ಮಾಡುತ್ತಾನೆ, ಎದುರಾಳಿಗೆ ಕಾಣಬಾರದು. ಅದನ್ನು ನೋಡಿದ್ದೇ ಈ ಆಟ ನಮ್ಮದೇ ಅನ್ನಿಸಿಬಿಟ್ಟಿತು. ಎತ್ತಿನ ವ್ಯಾಪಾರದಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವ ದಲ್ಲಾಳಿಗಳಿಗೆ ಒಂದೊಂದು ಟೋಪಿ ಹಾಕಿದರೆ ಮುಗಿಯಿತು. ಬರೀ ದೊಣ್ಣೆ ಬೀಸಿ ಹೋಗಿ ಕುಳಿತುಕೊಳ್ಳುವ, ಬಯಲಿಗೆ ಇಳಿಯದೇ ಇರುವ ಒಬ್ಬನೂ ತಂಡದಲ್ಲಿ ಇರುತ್ತಾನೆ. ಮದುವೆಮನೆಯಲ್ಲಿ ಚಪ್ಪರಕ್ಕೆ ಕೈಹಾಕದೆ ಮೊದಲ ಪಂಕ್ತಿಗೆ ಮಾತ್ರ ಬರುವ ಷಡ್ಡಕ ಇದ್ದಹಾಗೆ. ಜೋರಾಗಿ ಹೊಡೆದ ಚೆಂಡು ಜನರ ನಡುವೆ ಬಿದ್ದರೆ ಹಿಡಿದವನೇ ಮನೆಗೆ ಒಯ್ಯುತ್ತಾನೆ. ಕಾಕನಕೋಟೆ ಕಾಡಿಗೆ ನುಗ್ಗಿದ ಹಸುವಿನಂತೆ, ವಾಪಸ್ಸು ಕೇಳುವ ಮಾತಿಲ್ಲ.

ಇದನ್ನೆಲ್ಲ ನಾನೊಬ್ಬನೇ ತಿಂದರೆ ಜೀರ್ಣವಾಗುವುದಿಲ್ಲ. ಸಂಜೆ ಅಂಗಡಿಯ ಷಟರು ಎಳೆದ ಮೇಲೆ, ಗೆಳೆಯರ ವಾಟ್ಸಾಪ್ ಗುಂಪಿಗೆ ದನಿ ತುಂಬಿ ಕಳಿಸತೊಡಗಿದೆ. ರೇಡಿಯೊದಲ್ಲಿ ರೈತರಿಗೆ ಸಲಹೆ ಕೊಡುವವರ ಗಂಭೀರ ದನಿಯಲ್ಲಿ ‘ಈಗ ಬೇಸ್‌ಬಾಲ್ ಸುದ್ದಿ’ ಎಂದು ಆರಂಭ. ಆಮೇಲೆ ಕಂಡಕ್ಟರು, ಚಿಕ್ಕತ್ತೆ, ದಲ್ಲಾಳಿ ಎಲ್ಲರೂ ಬಂದು ಅಮೆರಿಕದ ಆಟಗಾರರ ಬೆಲೆ ಕಟ್ಟುತ್ತಿದ್ದರು. ಗುಂಪಿನಲ್ಲಿ ಒಬ್ಬನೂ ಬೇಸ್‌ಬಾಲ್ ನೋಡಿದವನಲ್ಲ. ಅದರಿಂದ ಯಾರೂ ತಿದ್ದುತ್ತಿರಲಿಲ್ಲ, ನನಗೆ ಅದೇ ಬೇಕಿತ್ತು.

ಮನೆಯಲ್ಲೂ ಊಟಕ್ಕೆ ಕುಳಿತಾಗ ಸುದ್ದಿ ಓದುತ್ತಿದ್ದೆ. ನಾನು ಬೆಳೆದದ್ದು ದೊಡ್ಡಪ್ಪ ದೊಡ್ಡಮ್ಮನ ಮನೆಯಲ್ಲಿ. ಒಬ್ಬ ಆಟಗಾರನಿಗೆ ಅವನು ಆಡುವುದನ್ನು ಬಿಟ್ಟ ಮೇಲೆಯೂ ಎಷ್ಟೋ ವರ್ಷ ವರ್ಷಕ್ಕಿಷ್ಟು ಎಂದು ಕೊಡುತ್ತಾರಂತೆ ಎಂದು ನಾನು ಬೆರಗಿನಿಂದ ಹೇಳಿದಾಗ, ದೊಡ್ಡಮ್ಮ ಮುದ್ದೆ ಮುರಿಯುತ್ತಲೇ ಅದಕ್ಕೆ ಪಿಂಚಣಿ ಅಂತಾರೆ, ಮೇಷ್ಟ್ರಿಗೂ ಬರ್ತದೆ ಅಂದಳು. ಹಿಂದೆ ಆ ಆಟಗಾರರು ದವಡೆಯಲ್ಲಿ ಹೊಗೆಸೊಪ್ಪು ಅಮುಕಿಕೊಂಡೇ ಆಡುತ್ತಿದ್ದರು, ಈಗ ಬಹಳ ಕಡೆ ಅದು ಕೂಡದು ಅಂದಿದ್ದಾರೆ, ಸೂರ್ಯಕಾಂತಿ ಬೀಜ ಜಗಿದು ಉಗುಳುತ್ತಾರೆ ಎಂದು ಹೇಳಿದ ದಿನ ದೊಡ್ಡಪ್ಪ ತುತ್ತು ಕೆಳಗಿಟ್ಟ.

“ಅದ್ಕೇ ಕಣ್ಲಾ ನಮ್ ಸೊಪ್ಪಿಗೆ ರೇಟ್ ಬಿದ್ದಿರೋದು,” ಅಂದ. “ಬೀಜ ಉಗುಳೋರ್ನ ನಂಬ್ಕಂಡು ಯಾವನ್ ಬೆಳೀತಾನೆ.”

ದೊಡ್ಡಪ್ಪನ ದನಿ ಹೇಗೆಂದು ಇಲ್ಲೇ ಹೇಳಬೇಕು. ಪ್ರತಿ ಮಾತಿಗೂ ಮುಂಚೆ ಎರಡು ಕೆಮ್ಮು, ಒಂದು ಸಣ್ಣದು, ಒಂದು ದೊಡ್ಡದು. ಆಮೇಲೆ ಮೂಗಿನಿಂದ ಹೊರಡುವ, ಗಾಡಿ ದಿಬ್ಬ ಹತ್ತುವಂಥ ಮಾತು. ಪ್ರೀತಿ ಹೆಚ್ಚಾದರೂ ಕೋಪ ಹೆಚ್ಚಾದರೂ ‘ಮುಂಡೇದು’ ಒಂದೇ. ನನ್ನ ಸುದ್ದಿಯಲ್ಲಿ ತಂಡದ ಮಾಲೀಕ ಬೇಕಾದಾಗಲೆಲ್ಲ ಈ ದನಿಯೇ ಬರುತ್ತಿತ್ತು. ಕೋಟಿಗಟ್ಟಲೆ ಆಟಗಾರನನ್ನು ಎದುರಿಗೆ ನಿಲ್ಲಿಸಿಕೊಂಡು ದೊಡ್ಡಪ್ಪ ಕೆಮ್ಮಿ, ‘ಮುಂಡೇದೇ, ಹೋದ್ವರ್ಷ ಎಷ್ಟ್ ಚೆಂಡ್ ಬುಟ್ಟೆ’ ಎಂದು ಲೆಕ್ಕ ಕೇಳುವುದು ಗುಂಪಿಗೆ ಬಹಳ ಇಷ್ಟ.

ಇನ್ನು ಮಾವ. ನೆಂಟನಲ್ಲ, ಪಕ್ಕದ ಊರಿನವನು, ಮಾತು ಬಂದಾಗಿನಿಂದ ನಾನು ಮಾವ ಅನ್ನುತ್ತ ಬಂದದ್ದು. ನಮ್ಮ ಮನೆಯ ಬ್ಯಾರನ್ನಿನಲ್ಲಿ ತಂಬಾಕು ಬೇಯಿಸುವವನು. ಬ್ಯಾರನ್ ಅಂದರೆ ಎತ್ತರದ ಗೋಡೆಯ ಒಂದು ಕುರುಡು ಮನೆ. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ಅಂತಸ್ತಿನ ಮೇಲೆ ಅಂತಸ್ತಾಗಿ ನೇತುಹಾಕಿ, ಹೊರಗಿನ ಒಲೆಯಲ್ಲಿ ಸೌದೆ ಉರಿಸಿ ಐದಾರು ದಿನ ಕಾವು ಕೊಡಬೇಕು. ಮೊದಲು ಸೊಪ್ಪು ಹಳದಿಯಾಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ದಂಟು. ಒಂದು ಗಳಿಗೆ ಮುಂಚೆ ಕಾವು ಏರಿಸಿದರೆ ಹಸಿರು ಉಳಿಯುತ್ತದೆ, ಒಂದು ಗಳಿಗೆ ತಡವಾದರೆ ಕಪ್ಪಾಗುತ್ತದೆ. ಕಾವು ತೋರಿಸುವ ಗಾಜಿನ ಕೊಳವೆ ಒಳಗೆ ತೂಗುತ್ತಿರುತ್ತದೆ. ಮಾವ ಅದನ್ನು ನೋಡುವುದಿಲ್ಲ. ಕಿಂಡಿಗೆ ಮೂಗು ಕೊಟ್ಟು ನಿಲ್ಲುತ್ತಾನೆ. ಎಲ್ಲರೂ ಕಾಯುತ್ತಾರೆ. ಬಹಳ ಹೊತ್ತಾದ ಮೇಲೆ ಹೋಗಿ ಒಂದೇ ಒಂದು ಸೌದೆ ಒಳಗೆ ತಳ್ಳುತ್ತಾನೆ.

ಮಾವ ಬರದಿದ್ದ ಒಂದು ವರ್ಷ, ಅವನಿಗೆ ಜ್ವರ ಇತ್ತು, ದೊಡ್ಡಪ್ಪ ತಾನೇ ಬೇಯಿಸುತ್ತೇನೆಂದು ಕುಳಿತಿದ್ದನಂತೆ. ಹೊರಗೆ ಬಂದ ಸೊಪ್ಪನ್ನು ದೊಡ್ಡಮ್ಮ ಈಗಲೂ ಹುಣಸೆಹಣ್ಣು ಎಂದೇ ಕರೆಯುತ್ತಾಳೆ.

ಮಾವನಿಗೂ ನಮಗೂ ಕಾಗದದ ಕರಾರಿಲ್ಲ. ಪ್ರತಿ ವರ್ಷ ಆಷಾಢ ಹುಟ್ಟುವ ಮುಂಚೆ ದೊಡ್ಡಪ್ಪ ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ ತಟ್ಟೆಯಲ್ಲಿಟ್ಟುಕೊಂಡು ಅವನ ಮನೆಗೆ ಹೋಗುತ್ತಾನೆ. ಮಾವ ಎಲೆ ಹಾಕಿಕೊಂಡರೆ ಆ ವರ್ಷ ಅವನು ನಮ್ಮವನು. ಬಾಯಿಗೆ ಇಡುವ ತನಕ ಅವನು ಯಾರವನೂ ಅಲ್ಲ. ಅಮೆರಿಕದಲ್ಲಿ ಇದಕ್ಕೆ ವಕೀಲರೂ ನೂರು ಪುಟದ ಕಾಗದವೂ ಬೇಕು, ನಮ್ಮಲ್ಲಿ ಸುಣ್ಣದ ಡಬ್ಬಿ ಸಾಕು.

ಆ ವರ್ಷ ದೊಡ್ಡಪ್ಪ ಹೋಗಿರಲಿಲ್ಲ. ಇವತ್ತು ನಾಳೆ ಅನ್ನುತ್ತ ಆಷಾಢ ಬಂದೇಬಿಟ್ಟಿತ್ತು.

ಅದೇ ವಾರ ಫೋನಿನಲ್ಲಿ ಸುದ್ದಿ ಬಂತು. ದೊಡ್ಡ ತಂಡವೊಂದು ಬಹಳ ವರ್ಷ ಚೆಂಡೆಸೆದ ಹಳೆಯ ಆಟಗಾರನನ್ನು ಕೈಬಿಟ್ಟಿದೆ, ಅವನು ಈಗ ಯಾರ ತಂಡಕ್ಕೆ ಬೇಕಾದರೂ ಹೋಗಬಹುದು. ಚಿತ್ರದಲ್ಲಿ ಅವನು ಚೆಂಡನ್ನು ಮೂಗಿನ ಹತ್ತಿರ ಹಿಡಿದು ದೂರಕ್ಕೆ ನೋಡುತ್ತಿದ್ದ. ಕಿಂಡಿಯ ಮುಂದೆ ನಿಂತ ಮಾವನೇ. ನನ್ನ ಗಂಟಲು ತುರಿಸತೊಡಗಿತು.

ಮೂರು ದನಿಸಂದೇಶ ಮಾಡಿದೆ. ಮೊದಲನೆಯದರಲ್ಲಿ ರೇಡಿಯೊದವರು ಸುದ್ದಿ ಓದಿದರು. ಎರಡನೆಯದರಲ್ಲಿ ಕಂಡಕ್ಟರು, ಯಾರ್ರೀ ಇಳಿಯೋರು ಎಂದು ಆ ಆಟಗಾರನನ್ನು ಬಸ್ಸಿನಿಂದ ಇಳಿಸಿದ. ಮೂರನೆಯದರಲ್ಲಿ ಮಾಲೀಕರು, ಅಂದರೆ ದೊಡ್ಡಪ್ಪ, ಎರಡು ಸಲ ಕೆಮ್ಮಿ ಮಾತಾಡಿದರು. ಬೇಸ್‌ಬಾಲ್ ಅನ್ನುವ ಪದ ಅದರಲ್ಲಿ ಇರಲಿಲ್ಲ. ಚೆಂಡು ಎಸೆಯುವುದರ ಬದಲು ಬೇಯಿಸುವುದು ಎಂದದ್ದು ನನಗೆ ಆಗ ಬಹಳ ಜಾಣತನವಾಗಿ ಕಂಡಿತ್ತು.

“ಇಷ್ಟ್ ವರ್ಷ ಬೇಯ್ಸಿದ, ಸಾಕು. ಮುಂಡೇದಕ್ಕೆ ಮೂಗು ಮೊದ್ಲಿನಂಗಿಲ್ಲ. ಈ ಸರ್ತಿ ಬುಟ್ಟಿದೀನಿ. ಯಾರ್ಗಾದ್ರೂ ಬೇಕಿದ್ರೆ ಕರ್ಕಂಡೋಗಿ, ನಂದೇನೂ ತಕರಾರಿಲ್ಲ.”

ಗುಂಪು ನಕ್ಕಿತು. ಒಬ್ಬ ಗೆಳೆಯನಿಗೆ ನಗು ತಡೆಯಲಾಗದೆ ಮೂರನೆಯದನ್ನು ಮಾತ್ರ ಹಂಪಾಪುರದ ತನ್ನ ಭಾವಮೈದನಿಗೆ ಕಳಿಸಿದ. ಅಲ್ಲಿಂದ ಅದು ತನ್ನ ಕಾಲ ಮೇಲೆ ತಾನೇ ನಡೆಯಿತು.

ಇದಾವುದೂ ಗೊತ್ತಿಲ್ಲದೆ ನಾನು ಸುಖವಾಗಿದ್ದೆ. ಸೋಮವಾರ ದೊಡ್ಡಪ್ಪ, ಗುರುವಾರ ಮೊದಲ ಸೊಪ್ಪು ಮುರಿಯುತ್ತೇವೆ, ಮಾವನಿಗೆ ಹೇಳಿ ಬಾ ಎಂದು ಕಳಿಸಿದ. ತಳದ ಎಲೆಗಳು ಆಗಲೇ ತುದಿಯಲ್ಲಿ ಹಳದಿ ತಿರುಗಿದ್ದವು. ಮುರಿದ ಸೊಪ್ಪನ್ನು ಅದೇ ದಿನ ಬ್ಯಾರನ್ನಿಗೆ ತುಂಬದಿದ್ದರೆ ರಾಶಿಯಲ್ಲೇ ಬೆಂದುಹೋಗುತ್ತದೆ, ಮುರಿಯದೆ ಬಿಟ್ಟರೆ ಗಿಡದಲ್ಲೇ ಕೆಡುತ್ತದೆ. ಬೈಕು ಹತ್ತಿ ಹೋದೆ.

ಮಾವ ಜಗಲಿಯಲ್ಲಿ ಕುಳಿತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಅವನು ನನಗೆ ಯಾವತ್ತೂ ಎದ್ದವನಲ್ಲ.

“ಬನ್ನಿ, ಕೂತ್ಕಳಿ,” ಅಂದ.

ಚಡ್ಡಿ ಹಾಕುವ ಕಾಲದಿಂದ ನನಗೆ, ಹೈದ ಅನ್ನುವುದನ್ನು ಐದ ಮಾಡಿ, ‘ಏನ್ಲಾ ಐದ’ ಅನ್ನುತ್ತಿದ್ದ ಬಾಯಿ ಅದು. ಆ ಬನ್ನಿ ಕೇಳಿ ನಾನು ಕೂರದೆ ಅಲ್ಲೇ ನಿಂತೆ. ಗೋಡೆಯ ಗೂಡಿನಲ್ಲಿ ಒಂದು ತಟ್ಟೆ ಇತ್ತು, ಅದರಲ್ಲಿ ಎಲೆ, ಅಡಿಕೆ, ನಮ್ಮ ಮನೆಯದಕ್ಕಿಂತ ದಪ್ಪನೆಯ ತೆಂಗಿನಕಾಯಿ. ಮೇಲೆ ಒದ್ದೆ ಬಟ್ಟೆ ಹೊದಿಸಿತ್ತು.

ಹಂಪಾಪುರದ ಬೆಳೆಗಾರರೊಬ್ಬರು ತಂದಿಟ್ಟು ಹೋಗಿದ್ದಾರೆ, ಬುಧವಾರ ಬೆಳಿಗ್ಗೆ ಉತ್ತರಕ್ಕೆ ಬರುತ್ತಾರೆ ಎಂದು ಮಾವ ಹೇಳಿದ. ತಾನು ಇನ್ನೂ ಎಲೆ ಹಾಕಿಕೊಂಡಿಲ್ಲ, ಆದರೆ ನಿಮ್ಮ ದೊಡ್ಡಪ್ಪನವರೇ ಬಿಟ್ಟ ಮೇಲೆ ಹೊಟ್ಟೆಪಾಡು ನೋಡಿಕೊಳ್ಳಬೇಕಲ್ಲ ಅಂದ. ಯಾರು ಬಿಟ್ಟರು ಎಂದು ನಾನು ಕೇಳಿದೆ. ಅವನು ಫೋನು ತೆಗೆದು ಒತ್ತಿದ. ಎರಡು ಕೆಮ್ಮು, ಒಂದು ಸಣ್ಣದು, ಒಂದು ದೊಡ್ಡದು.

ನನ್ನ ಕೆಲಸ ಎಷ್ಟು ಚೆನ್ನಾಗಿದೆ ಎಂದು ನನಗೆ ಗೊತ್ತಾದದ್ದು ಆಗಲೇ. ಒಂದು ಕ್ಷಣ ನಾನೂ ನಂಬಿಬಿಟ್ಟೆ.

ಅಲ್ಲೇ ಬಾಯಿಬಿಟ್ಟಿದ್ದರೆ ಮುಗಿದಿರುತ್ತಿತ್ತು. ಆದರೆ ಮಾವನ ಹೆಂಡತಿ, ಅತ್ತೆ, ಬಾಗಿಲ ಹಿಂದೆ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಕೇಳಿಕೊಂಡು ಬತ್ತೀನಿ ಮಾವ ಎಂದು ಹೇಳಿ ಬೈಕು ತಿರುಗಿಸಿದೆ.

ಮನೆಯಲ್ಲಿ ಅರ್ಧ ಸತ್ಯ ಹೇಳಿದೆ. ಹಂಪಾಪುರದವರು ಮಾವನಿಗೆ ವೀಳ್ಯ ಕೊಟ್ಟಿದ್ದಾರೆ, ನೀನು ಒಂದು ಸಲ ಹೋಗಿ ಬಾ ಅಂದೆ. ದೊಡ್ಡಪ್ಪನ ಮುಖ ಬಿಗಿಯಿತು.

“ಓಗ್ಲಿ ಬುಡು. ನಾನೇನು ಅವನ್ನ ಬ್ಯಾಡ ಅಂದಿದ್ನಾ. ಓಗೋನ್ಗೆ ದಾರಿಲಿ ನಿಂತ್ಕಂಡು ಕೈ ಮುಗೀಬೇಕಾ ನಾನು.”

ಆ ಸಂಜೆ ಅವನು ಒಬ್ಬನೇ ಬ್ಯಾರನ್ನಿಗೆ ಹೋಗಿ, ಕಾವಿನ ಕೊಳವೆಯನ್ನು ಇಳಿಸಿ ಹೊರಗೆ ಬೆಳಕಿಗೆ ತಂದು, ಕನ್ನಡಕ ಹಾಕಿ ತೆಗೆದು, ತಿರುಗಿಸಿ ಮುರುಗಿಸಿ ನೋಡಿದ. ದೊಡ್ಡಮ್ಮ ಅಡುಗೆಮನೆಯ ಕಿಟಕಿಯಿಂದ ಅದನ್ನು ಕಂಡು, ಈ ವರ್ಷವೂ ಹುಣಸೆಹಣ್ಣೇ ಗತಿ ಎಂದು ನಿಟ್ಟುಸಿರು ಬಿಟ್ಟಳು.

ಬೇಸ್‌ಬಾಲಿನಲ್ಲಿ ಇಂಥ ಹೊತ್ತಿಗೆ ದಲ್ಲಾಳಿ ಇರುತ್ತಾನೆ. ಎರಡೂ ಕಡೆಯ ಬಿಗುಮಾನವನ್ನು ಚೀಲಕ್ಕೆ ತುಂಬಿಕೊಂಡು ಓಡಾಡುವುದು ಅವನ ಕೆಲಸ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ರುಜು ಹಾಕುವ ಹಾಗೆ ಮಾಡುತ್ತಾನೆ. ನಾನು ಆ ದಲ್ಲಾಳಿಯಾಗಲು ಹೊರಟೆ. ಒಂದು ತಪ್ಪನ್ನು ಅದೇ ತಪ್ಪಿನಿಂದ ತೊಳೆಯಬಹುದು ಎಂಬ ಯೋಚನೆ ನನ್ನಂಥವನಿಗೆ ಮಾತ್ರ ಹೊಳೆಯುತ್ತದೆ.

ಮಂಗಳವಾರ ಬೆಳಿಗ್ಗೆ ದೊಡ್ಡಪ್ಪ ಬಚ್ಚಲಿಗೆ ಹೋದದ್ದೇ ತಡ, ಅವನ ಫೋನನ್ನೇ ಎತ್ತಿಕೊಂಡು ಹಿತ್ತಲಿಗೆ ನಡೆದೆ. ಮಾವನಿಗೆ ದೊಡ್ಡಪ್ಪನ ನಂಬರೇ ಕಾಣಬೇಕಲ್ಲ. ರಿಂಗಾಯಿತು. ಮಾವ ಎತ್ತಿದ. ಸಣ್ಣ ಕೆಮ್ಮು, ದೊಡ್ಡ ಕೆಮ್ಮು.

“ನೋಡಯ್ಯಾ,” ಅಂದೆ ಮೂಗಿನಿಂದ. “ಏನೋ ಬಾಯಿಗ್ ಬಂದಂಗೆ ಅಂದುಬುಟ್ಟೆ. ತಪ್ಪಾಯ್ತು. ಮನಸಲ್ಲಿ ಇಟ್ಕಬ್ಯಾಡ. ಗುರ್ವಾರ ಬಂದುಬುಡು.”

ಹಿತ್ತಲಿನ ನುಗ್ಗೆಮರದ ಮೇಲೆ ಕಾಗೆಯೊಂದು ಕೂಗಿ ಸುಮ್ಮನಾಯಿತು. ಆಮೇಲೆ ಮಾವ ಬಹಳ ಸಮಾಧಾನವಾಗಿ ಕೇಳಿದ.

“ಐದಾ, ನಿಮ್ ದೊಡ್ಡಪ್ಪಾರು ಎಲ್ಲವ್ರೆ?”

ಇಲ್ಲಿ ಫೋನು ಇಟ್ಟುಬಿಡಬೇಕಿತ್ತು. ನನಗೆ ಗಾಬರಿಯಲ್ಲಿ ದನಿ ಬದಲಿಸಲು ಮರೆತುಹೋಯಿತು. ಅದೇ ಕೆಮ್ಮು, ಅದೇ ಮೂಗು, ದೊಡ್ಡಪ್ಪನ ಪೂರಾ ಗತ್ತಿನಲ್ಲಿ ಉತ್ತರ ಕೊಟ್ಟೆ:

“ದೊಡ್ಡಪ್ಪ ಸ್ನಾನ ಮಾಡ್ತಾವ್ನೆ.”

ಮಾವ ಫೋನು ಇಟ್ಟ. ತಿರುಗಿದರೆ ಹಿಂದೆ ದೊಡ್ಡಮ್ಮ, ಕೈಯಲ್ಲಿ ದೊಡ್ಡಪ್ಪನ ಒಣ ಪಂಚೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಹುಬ್ಬು ಮಾತ್ರ ಏರಿಸಿದಳು. ಆ ಹುಬ್ಬಿನ ಮುಂದೆ ನಾನು ಬೇಸ್‌ಬಾಲಿನಿಂದ ಹಂಪಾಪುರದ ತೆಂಗಿನಕಾಯಿಯವರೆಗೆ ಎಲ್ಲವನ್ನೂ ಕಕ್ಕಿದೆ. ಅಷ್ಟರಲ್ಲಿ ದೊಡ್ಡಪ್ಪ ಬಚ್ಚಲಿನಿಂದ ಹೊರಬಂದ. ಅವನಿಗೂ ಮೊದಲಿಂದ ಹೇಳಬೇಕಾಯಿತು, ಈ ಸಲ ನನ್ನ ಸ್ವಂತ ದನಿಯಲ್ಲಿ. ಅದು ಎಷ್ಟು ಸಣ್ಣದಿದೆ ಎಂದು ಅವತ್ತು ಗೊತ್ತಾಯಿತು.

ಹೊಡೆಯುತ್ತಾನೆ ಅಂದುಕೊಂಡಿದ್ದೆ. ದೊಡ್ಡಪ್ಪ ಕಟ್ಟೆಯ ಮೇಲೆ ಕುಳಿತು, ಆ ದನಿಸಂದೇಶ ಹಾಕು ಅಂದ. ಹಾಕಿದೆ. ಇನ್ನೊಂದು ಸಲ ಅಂದ. ಮೂರನೆಯ ಸಲ ಕೇಳಿದ ಮೇಲೆ ದೊಡ್ಡಮ್ಮನ ಕಡೆ ತಿರುಗಿದ.

“ನಾನು ಇಂಗೇ ಕೆಮ್ತೀನಾ?”

“ಇಲ್ಲ,” ಅಂದಳು ದೊಡ್ಡಮ್ಮ. “ಐದ ಒಸಿ ಕಮ್ಮಿ ಮಾಡವ್ನೆ.”

ಅವಳು ಒಳಗೆ ಹೋಗಿ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟು ತಂದು ದೊಡ್ಡಪ್ಪನ ತೊಡೆಯ ಮೇಲಿಟ್ಟಳು. ಹೈದ ಹಾಳು ಮಾಡಿದ್ದು ಹೌದು, ಆದರೆ ಈ ತಟ್ಟೆ ಹೋಗಬೇಕಾದ ದಿನ ಹೋಗಿದ್ದರೆ ಅವನ ಬೊಗಳೆಯನ್ನು ಯಾರು ನಂಬುತ್ತಿದ್ದರು ಎಂದು ಕೇಳಿದಳು. ದೊಡ್ಡಪ್ಪ ತಟ್ಟೆಯನ್ನು ಪಕ್ಕಕ್ಕಿಟ್ಟು ಎದ್ದ. ಹೋಗಿ ಶಲ್ಯ ಹೊದ್ದುಕೊಂಡು ಬಂದ.

ಬೈಕಿನ ಹಿಂದೆ ದೊಡ್ಡಪ್ಪ, ಅವನ ಮಡಿಲಲ್ಲಿ ತಟ್ಟೆ. ದಾರಿಯುದ್ದಕ್ಕೂ ಅವನು ಆಡಿದ್ದು ಒಂದೇ ಮಾತು, ಗುಂಡಿ ನೋಡ್ಕಂಡು ಓಡ್ಸು ಎಂದು. ಇಕ್ಕೆಲದ ಹೊಲಗಳಲ್ಲಿ ಹೆಂಗಸರು ಆಗಲೇ ಸೊಪ್ಪು ಮುರಿದು ಕಂಕುಳಲ್ಲಿ ಅಡುಕಿಕೊಂಡು ಬದುವಿಗೆ ಬರುತ್ತಿದ್ದರು. ಮೋಡ ಕವಿದ ತಂಪು ಹೊತ್ತು. ಬೇರೆ ದಿನವಾಗಿದ್ದರೆ ನಾನು ದಾರಿಯ ಪ್ರತಿ ತಿರುವಿಗೂ ಕಂಡಕ್ಟರಾಗಿ ಊರಿನ ಹೆಸರು ಕೂಗುತ್ತಿದ್ದೆ.

ಮಾವ ಅದೇ ಜಗಲಿಯಲ್ಲಿದ್ದ. ದೊಡ್ಡಪ್ಪನನ್ನು ಕಂಡು ಎದ್ದ, ಚಾಪೆ ಕೊಡವಿ ಹಾಸಿದ. ಗೂಡಿನಲ್ಲಿ ಹಂಪಾಪುರದ ತಟ್ಟೆ ಒದ್ದೆ ಬಟ್ಟೆಯ ಕೆಳಗೆ ಹಾಗೇ ಇತ್ತು. ದೊಡ್ಡಪ್ಪ ಅದನ್ನು ನೋಡಿದ, ಆ ತೆಂಗಿನಕಾಯಿಯ ಗಾತ್ರವನ್ನೂ ನೋಡಿದ. ನಮ್ಮದನ್ನು ಶಲ್ಯದ ಸೆರಗಿನಿಂದ ಸ್ವಲ್ಪ ಮುಚ್ಚಿಕೊಂಡ.

ನಾನು ಚಾಪೆಯ ಆಚೆ ನಿಂತು ಒಪ್ಪಿಕೊಂಡೆ. ಅದು ದೊಡ್ಡಪ್ಪ ಅಂದದ್ದಲ್ಲ ಮಾವ, ನಾನು ಅಂದದ್ದು, ಅಮೆರಿಕದ ಒಂದು ಆಟದ ಸುದ್ದಿಗೆ ಅಂದದ್ದು. ಮಾವ ನಂಬಿದನೋ ಇಲ್ಲವೋ, ಅಂದು ತೋರಿಸು ಅಂದ. ದೊಡ್ಡಪ್ಪನ ಎದುರಿಗೆ, ದೊಡ್ಡಪ್ಪನ ದನಿಯಲ್ಲಿ, ದೊಡ್ಡಪ್ಪ ಆಡದ ಮಾತನ್ನು ಪೂರ್ತಿ ಆಡಿ ತೋರಿಸಬೇಕಾಯಿತು. ನನ್ನ ಇಷ್ಟು ವರ್ಷದ ಕಸುಬಿನಲ್ಲಿ ಅಷ್ಟು ಕಷ್ಟದ ಪ್ರಯೋಗ ಇನ್ನೊಂದಿಲ್ಲ. ಮುಂಡೇದು ಅನ್ನುವಲ್ಲಿ ಬಾಗಿಲ ಹಿಂದೆ ಅತ್ತೆ ಪಕ್ಕನೆ ನಕ್ಕಳು. ಮಾವ ನಗಲಿಲ್ಲ.

“ಐದನ್ ಮಾತ್ ಇರ್ಲಿ,” ಅಂದ ಅವನು, ದೊಡ್ಡಪ್ಪನ ಕಡೆ ನೋಡದೆ. “ಆಷಾಡ ಉಟ್ಟೋ ಮುಂಚೆ ಬತ್ತಿದ್ದ ವೀಳ್ಯ ಈ ಸರ್ತಿ ಯಾಕ್ ಬರ್ಲಿಲ್ಲ ಯಜಮಾನ್ರೇ? ದಿನಾ ದಾರಿ ನೋಡ್ದೆ. ತಟ್ಟೆ ಬರೋ ದಾರೀಲಿ ಆ ಮಾತು ಬಂತು.”

ದೊಡ್ಡಪ್ಪ ಕೆಮ್ಮಿದ. ಒಂದೇ ಸಲ.

“ನೀನೆಲ್ಲಿಗ್ ಓಗ್ತೀಯ ಅಂದ್ಕಂಡೆ ಕಣಯ್ಯ,” ಅಂದ. ಆಮೇಲೆ, “ಸೊಪ್ಪು ಹಣ್ಣಾಗ್ಬುಟ್ಟದೆ,” ಅಂದ.

ನಾನು ಇಲ್ಲಿ ದಲ್ಲಾಳಿತನ ಮಾಡಲು ಬಾಯಿ ತೆರೆದೆ. ಮೂರು ವರ್ಷಕ್ಕೆ ಬರೆದುಕೊಡೋಣ, ಬೇಡವಾದರೆ ಮಧ್ಯದಲ್ಲೇ ಬಿಟ್ಟು ಹೋಗುವ ಹಕ್ಕು ಮಾವನಿಗೇ ಇರಲಿ, ಹಂಪಾಪುರದವರು ಏನು ಕೊಟ್ಟರೂ ನಾವೂ ಅಷ್ಟು ಕೊಡೋಣ ಎಂದೆಲ್ಲ ಫೋನಿನಲ್ಲಿ ಓದಿದ್ದು ನಾಲಿಗೆಯ ತುದಿಯಲ್ಲಿತ್ತು. ಅತ್ತೆ ಒಂದು ಚೊಂಬು ನೀರು ತಂದು ನನ್ನ ಕೈಗೆ ಕೊಟ್ಟು, ಕುಡಿ ಅಂದಳು. ಕುಡಿಯುತ್ತಿರುವವನು ಮಾತಾಡಲಾರ. ಆ ಮನೆಯಲ್ಲಿ ದಲ್ಲಾಳಿಯನ್ನು ಸುಮ್ಮನಿರಿಸುವ ಕ್ರಮ ಅದು.

ದೊಡ್ಡಪ್ಪ ಶಲ್ಯ ಸರಿಸಿ ತಟ್ಟೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದ. ಮಾವ ತಟ್ಟೆಯನ್ನು ನೋಡುತ್ತ ಸುಮ್ಮನೆ ನಿಂತ. ಬ್ಯಾರನ್ನಿನ ಕಿಂಡಿಯ ಮುಂದೆ ನಿಲ್ಲುವಂತೆಯೇ ನಿಂತ, ಬಹಳ ಹೊತ್ತು. ನಾವು ಕಾದೆವು. ಆಮೇಲೆ ‘ಕೂತ್ಕಳಿ ಯಜಮಾನ್ರೇ’ ಎಂದು ದೊಡ್ಡಪ್ಪನಿಗೆ ಚಾಪೆ ತೋರಿಸಿ ತಾನೂ ಕುಳಿತ. ಹೆಂಡತಿಗೆ, ಹಂಪಾಪುರದವರ ತಟ್ಟೆಯನ್ನು ಜೋಪಾನವಾಗಿ ಒಳಗಿಡು, ನಾಳೆ ಬಂದಾಗ ಮರ್ಯಾದೆಯಿಂದ ವಾಪಸ್ಸು ಕೊಡಬೇಕು ಅಂದ. ನಮ್ಮ ತಟ್ಟೆಯಿಂದ ಒಂದು ಎಲೆ ಎತ್ತಿಕೊಂಡು ತೊಟ್ಟು ಮುರಿದ.

ದೊಡ್ಡಪ್ಪನ ಉಸಿರು ಸಡಿಲವಾಯಿತು. ಸಡಿಲವಾದದ್ದೇ ತಡ, ಅವನಿಗೆ ಜಗಳಕ್ಕೊಂದು ಸಣ್ಣ ಎಡೆ ಬೇಕಾಯಿತು.

“ಅಲ್ಲ ಕಣಯ್ಯ, ಇಷ್ಟ್ ವರ್ಷ ನನ್ ದನಿ ಕೇಳಿದೀಯ. ಮೊದ್ಲನೇದು ಈ ಐದಂದೇ, ಎರಡ್ನೇದೂ ಈ ಐದಂದೇ. ಮೊದ್ಲನೇದ್ನ ನಂದು ಅಂತ ನಂಬುಬುಟ್ಟೆ. ಎರಡ್ನೇದು ನಂದಲ್ಲ ಅಂತ ಎಂಗ್ ಗೊತ್ತಾಯ್ತು ನಿಂಗೆ?”

ಮಾವ ಎಲೆಗೆ ಸುಣ್ಣ ಸವರಿದ, ಅಡಿಕೆ ಇಟ್ಟ, ಮಡಚಿದ. ಬಾಯಿಗೆ ಇಟ್ಟುಕೊಳ್ಳುವ ಮುಂಚೆ ಹೇಳಿದ:

“ಮೊದ್ಲನೇದ್ರಲ್ಲಿ ನೀವು ನನ್ನ ಮುಂಡೇದು ಅಂದ್ರಿ, ಯಜಮಾನ್ರೇ. ಎರಡ್ನೇದ್ರಲ್ಲಿ ತಪ್ಪಾಯ್ತು ಅಂದ್ರಿ.”